ಹೆಂಡತಿಯ ಹೆಸರಿನಲ್ಲಿ ಒಂದು ಫ್ರೆಂಚ್ ಕಾದಂಬರಿ

ಹೈದರಾಬಾದಿನ ನಮ್ಮ ಕಾಲೊನಿಯಲ್ಲಿ ಪ್ರತಿಯೊಬ್ಬ ಹೆಂಡತಿಯ ಹೆಸರಿನಲ್ಲೂ ಏನಾದರೊಂದು ನಡೆಯುತ್ತಿತ್ತು. ಕೆಳಗಿನ ಮನೆಯ ಸುಭದ್ರಾ ಕಾಗದದ ಮೇಲೆ ಜೀವವಿಮೆಯ ಏಜೆಂಟು. ಊರೆಲ್ಲ ಓಡಾಡಿ ಪಾಲಿಸಿ ಹಿಡಿಯುತ್ತಿದ್ದವನು ಅವಳ ಗಂಡ. ಎದುರು ಸಾಲಿನ ಕಮಲಾಕ್ಷಿಯ ಹೆಸರಿನಲ್ಲಿ ಕುಷಾಯಿಗೂಡ ಚೌರಸ್ತಾದಲ್ಲಿ ಒಂದು ಝೆರಾಕ್ಸ್ ಅಂಗಡಿ ಇತ್ತು, ಆ ಯಂತ್ರದ ಯಾವ ಗುಂಡಿ ಒತ್ತಬೇಕೆಂದು ಅವಳಿಗೆ ಇವತ್ತಿಗೂ ಗೊತ್ತಿಲ್ಲ. ಗಂಡಂದಿರೆಲ್ಲ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯ ನೌಕರರು. ನೌಕರಿಯಲ್ಲಿದ್ದುಕೊಂಡು ಬೇರೇನಾದರೂ ಮಾಡಬೇಕೆಂದರೆ ಮೇಲಿನವರ ಅನುಮತಿ ಬೇಕು, ಅರ್ಜಿ ಬರೆಯುವ ಧೈರ್ಯ, ಕಾಯುವ ತಾಳ್ಮೆ ಇವರಲ್ಲಿ ಒಬ್ಬರಿಗೂ ಇರಲಿಲ್ಲ. ಹೆಂಡತಿಯ ಹೆಸರು ಹಾಕಿದರೆ ಮುಗಿಯಿತು, ಎಲ್ಲರೂ ನಿಶ್ಚಿಂತೆ. ನನ್ನ ಹೆಸರಿನಲ್ಲಿ ನಡೆಯುತ್ತಿದ್ದದ್ದು ಫ್ರೆಂಚ್ ಕಾದಂಬರಿ.

ನಗಬೇಡಿ, ನಿಜ ಹೇಳುತ್ತಿದ್ದೇನೆ. ಕಾರ್ಖಾನೆಗೆ ಫ್ರಾನ್ಸಿನಿಂದ ಯಾವುದೋ ದೊಡ್ಡ ಯಂತ್ರ ಬಂತು, ಅದರ ಬೆನ್ನಿಗೆ ದಿಂಬಿನಷ್ಟು ದಪ್ಪದ ಕೈಪಿಡಿಗಳು ಬಂದವು. ಅವನ್ನು ಇಂಗ್ಲಿಷಿಗೆ ತರಲು ನಮ್ಮನೆಯವರನ್ನು ಆರಿಸಿ ಫ್ರೆಂಚ್ ಕಲಿಸಿದರು. ಆಮೇಲೆ ತರಬೇತಿಗೆಂದು ಒಂದು ಚಳಿಗಾಲ ಪೂರ್ತಿ ಗ್ರೆನೋಬ್ಲ್ ಎಂಬ ಊರಿಗೆ ಕಳಿಸಿದರು. ಅಲ್ಲಿ ಬಾಡಿಗೆಗಿದ್ದ ಮನೆಯ ಮುದುಕಿ ಇವರನ್ನು ಮಗನ ಹಾಗೆ ನೋಡಿಕೊಂಡಳು. ವಾಪಸು ಬಂದಮೇಲೆ ಇವರು ಅವಳಿಗೆ ಉದ್ದುದ್ದ ಕಾಗದ ಬರೆಯುತ್ತ ಹೋದರು. ಪಾಪ, ಒಂಟಿ ಮುದುಕಿ, ಬರೆಯಲಿ ಬಿಡು ಎಂದು ನಾನೂ ಸುಮ್ಮನಿದ್ದೆ. ಆ ಮುದುಕಿಯ ತಮ್ಮನ ಮಗ ಪ್ಯಾರಿಸಿನ ಒಂದು ಪ್ರಕಾಶನದಲ್ಲಿದ್ದ. ಕಾಗದ ಓದಿದವನು, ಇದನ್ನೇ ಬೆಳೆಸಿ ಕಾದಂಬರಿ ಮಾಡಿ ಎಂದ. ಒಂದು ದಿನ ಇವರು ಟೈಪು ಮಾಡಿದ ಹಾಳೆಯೊಂದನ್ನು ನನ್ನ ಮುಂದಿಟ್ಟು, "ಇಲ್ಲೊಂದು ಸಹಿ ಮಾಡ" ಎಂದರು.

"ಏನರಿ ಇದು, ವಿಮೆಯದೇನ?"

"ಹಂಗಽ ಅಂತ ತಿಳ್ಕೊ."

ನಾನು ಸಹಿ ಮಾಡಿದೆ. ಮುಂದಿನ ವರ್ಷ ಅಂಚೆಯಲ್ಲಿ ಬಂದ ಪುಸ್ತಕದ ಮೇಲೆ ನನ್ನ ಹೆಸರಿತ್ತು: ಶಿವದೇವಿ ಮಸ್ಕಿ. ಇಂಗ್ಲಿಷ್ ಅಕ್ಷರ ಬರುತ್ತಿದ್ದುದರಿಂದ ಹೆಸರು ಓದಿಕೊಂಡೆ. ಒಳಗಿನದು ಒಂದು ಸಾಲೂ ತಿಳಿಯಲಿಲ್ಲ. ಹೀಗೆ ಮೂರು ಪುಸ್ತಕ ಬಂದವು. ಶೋಕೇಸಿನಲ್ಲಿ ಚನ್ನಪಟ್ಟಣದ ಗೊಂಬೆಗಳ ಪಕ್ಕ ಅವನ್ನು ನಿಲ್ಲಿಸಿ, ವಾರಕ್ಕೊಮ್ಮೆ ಧೂಳು ಹೊಡೆಯುತ್ತಿದ್ದೆ. ಒಳಗೆ ಏನು ಬರೆದಿರಿ ಎಂದು ಕೇಳಿದಾಗಲೆಲ್ಲ ಇವರು, "ಸುಮ್ನ ಏನೋ ಬರದೀನಿ, ನಾಳಿ ಓದಿ ಹೇಳತೀನಿ" ಎನ್ನುತ್ತಿದ್ದರು. ಆ ನಾಳೆ ಬರಲೇ ಇಲ್ಲ. ಹಣೆಯ ಮೇಲೆ ಹೆಸರು ಬರೆಸಿಕೊಂಡು ಅದೇನೆಂದು ತಿಳಿಯದೆ ತಿರುಗಾಡುವ ಸ್ಥಿತಿ ನನ್ನದು. ಸಿಟ್ಟು ಬಾರದೆ ಇರುತ್ತದೆಯೇ?

ಇವರ ಹೆಸರು ಮಾತ್ರ ನನ್ನನ್ನು ಕೇಳಬೇಡಿ. ನಮ್ಮ ರಾಯಚೂರು ಕಡೆಯ ಹೆಂಗಸರು ಗಂಡನ ಹೆಸರನ್ನು ಬರಿದೆ ಬಾಯಿಂದ ಆಡುವುದಿಲ್ಲ. ಹೇಳಲೇಬೇಕಾಗಿ ಬಂದರೆ ಪ್ರಾಸ ಕಟ್ಟಿ, ವಡಪು ಎಂಬ ಪುಟ್ಟ ಪದ್ಯದೊಳಗೆ ಇಟ್ಟು ಹೇಳಬೇಕು. ಮದುವೆಯ ದಿನ ನಾದಿನಿಯರು ಹೊಸ್ತಿಲಿಗೆ ಅಡ್ಡ ನಿಂತಾಗ ನಾನೂ ಒಮ್ಮೆ ಹೇಳಿದ್ದೆ, ಅದೂ ಚಿಗವ್ವ ಕಿವಿಯಲ್ಲಿ ಊದಿದ್ದು. ಎಂಥ ಸಪ್ಪೆ ವಡಪು ಅದು! ಎಲ್ಲರೂ ಹೇಳುವ ಅದೇ ಬೆಳ್ಳಿ ಬಟ್ಟಲು, ಅದೇ ಬಂಗಾರದ ಲೋಟ. ಅವತ್ತಿನ ನಾಚಿಕೆಗೆ ನಾನೇ ವಡಪು ಕಟ್ಟಲು ಶುರು ಮಾಡಿದವಳು, ಕೊನೆಗೆ ಹೈದರಾಬಾದಿನ ನಮ್ಮ ಮಂದಿಯ ಮದುಮಗಳಂದಿರಿಗೆಲ್ಲ ಕಟ್ಟಿ ಕೊಡುವವಳಾದೆ. ಗಂಡಿನ ಹೆಸರಿನ ಜಾಗ ಖಾಲಿ ಬಿಟ್ಟು ಹೇಳಿಕೊಡುತ್ತಿದ್ದೆ. ಅವರವರ ಗಂಡನನ್ನು ಅವರವರು ಅಲ್ಲಿ ತುಂಬಿಕೊಳ್ಳುತ್ತಿದ್ದರು.

ನನ್ನ ಇನ್ನೊಂದು ಚಟ ಮಾತು. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಇವರು ಫ್ಯಾನಿನ ಕೆಳಗೆ ಚಾಪೆ ಹಾಕಿ ಒರಗುತ್ತಿದ್ದರು, ನಾನು ಪಕ್ಕದಲ್ಲಿ ಕೂತು ಜೋಳ ಹಸನು ಮಾಡುತ್ತ ವಾರದ ಸುದ್ದಿಯನ್ನೆಲ್ಲ ಹೇಳುತ್ತಿದ್ದೆ. ಯಾರ ಮನೆಯಲ್ಲಿ ಯಾರು ಮುನಿಸಿಕೊಂಡರು, ಯಾರ ಮದುವೆ ಹೇಗೆ ಕೂಡಿತು, ಅಲ್ಲಿ ನಾನು ಕಟ್ಟಿಕೊಟ್ಟ ವಡಪು ಯಾವುದು, ಎಲ್ಲ. ಇವರು ಹೂಂ, ಹೂಂ ಎನ್ನುತ್ತಿದ್ದರು. ಕಥೆ ಮುಕ್ಕಾಲು ಭಾಗ ಮುಟ್ಟುವಷ್ಟರಲ್ಲಿ ಹೂಂ ನಿಂತು ಗೊರಕೆ ಶುರುವಾಗುತ್ತಿತ್ತು. ಆ ಗೊರಕೆ ಕೇಳಿದರೆ ನನ್ನ ಮೈಯೆಲ್ಲ ಉರಿಯುತ್ತಿತ್ತು. ಗೋಡೆಗೆ ಹೇಳಿದ್ದರೆ ಅದಾದರೂ ಎಚ್ಚರವಿರುತ್ತಿತ್ತು ಎಂದು ಗೊಣಗಿಕೊಂಡು ಜೋಳದ ಮೊರ ಎತ್ತಿಕೊಂಡು ಏಳುತ್ತಿದ್ದೆ.

ಆ ವರ್ಷ ಸಂಕ್ರಾಂತಿ ಮುಗಿದ ಮರುವಾರ ಇವರು ಕಾರ್ಖಾನೆಯಿಂದ ಮುಖ ಇಷ್ಟು ಮಾಡಿಕೊಂಡು ಬಂದರು. ಪ್ಯಾರಿಸಿನಿಂದ ಫೋನು ಬಂದಿತ್ತಂತೆ. ಅಲ್ಲಿಯ ಪೇಪರಿನಲ್ಲಿ ಯಾರೋ ಬರೆದಿದ್ದರಂತೆ: ಶಿವದೇವಿ ಮಸ್ಕಿ ಎಂಬ ಹೆಂಗಸು ಭೂಮಿಯ ಮೇಲೆಯೇ ಇಲ್ಲ, ಇದು ಯಾರೋ ಫ್ರೆಂಚ್ ಇಂಜಿನಿಯರನ ಕಿತಾಪತಿ, ಈ ಭಾಷೆ ಯಂತ್ರದ ಕೈಪಿಡಿ ಓದಿದವನದು. ಗುಟ್ಟು ಗೊತ್ತಿದ್ದ ಮುದುಕಿಯ ತಮ್ಮನ ಮಗ ಅಷ್ಟರಲ್ಲಿ ಕೆಲಸ ಬಿಟ್ಟಿದ್ದ; ಉಳಿದ ಪ್ರಕಾಶನದವರು ಹೆದರಿ, ನಿಜ ನೋಡಿಕೊಂಡು ಬರಲು ತಮ್ಮ ಸಂಪಾದಕಿಯನ್ನು ಹೈದರಾಬಾದಿಗೆ ಕಳಿಸುತ್ತಿದ್ದರು. ಅವಳ ಹೆಸರು ಸೊಲಾಂಜ್.

"ಅಕಿಗೆ ಖಾತ್ರಿ ಆಗಲಿಲ್ಲಂದ್ರ ಮೂರೂ ಪುಸ್ತಕ ಅಂಗಡ್ಯಾಗಿಂದ ತಗದ ಬಿಡ್ತಾರಂತ. ಮುಂದಿಂದೂ ಇಲ್ಲ" ಎಂದರು ಇವರು. ದನಿ ಸಣ್ಣಗಾಗಿತ್ತು. "ನೀ ಏನೂ ಮಾಡಬ್ಯಾಡ. ಇಳಕಲ್ ಸೀರಿ ಉಟ್ಕೊಂಡು ಕುಂತು ಸುಮ್ನ ನಗು. ಅಕಿ ಫ್ರೆಂಚಿನ್ಯಾಗ ಕೇಳತಾಳ, ನೀ ಕನ್ನಡದಾಗ ಏನರೆ ಎರಡ ಮಾತ ಅನ್ನು, ಉಳದದ್ದು ನಾ ಫ್ರೆಂಚಿನ್ಯಾಗ ಹೇಳಕೋತೀನಿ."

"ಏನರೆ ಅಂದ್ರ?"

"ಏನರೆ. ಬ್ಯಾಳಿ ತುಟ್ಟಿ ಆಗೇತಿ ಅನ್ನು."

ನನ್ನ ಪಿತ್ತ ನೆತ್ತಿಗೇರಿತು. ನನ್ನ ಹೆಸರನ್ನು ಸ್ಟೂಲಿನ ಹಾಗೆ ಎಳೆದುಕೊಂಡು ಅದರ ಮೇಲೆ ಇವರು ಹತ್ತಿ ನಿಂತದ್ದು ಸಾಲದೆಂದು, ಈಗ ನಾನೇ ಗೊಂಬೆಯಾಗಿ ಕೂರಬೇಕಂತೆ. "ಒಳಗ ಏನ ಬರದೀರಿ, ಅದನ್ನರ ಹೇಳ್ರಿ" ಎಂದೆ. ಇವರು ನೆಲ ನೋಡಿದರು. "ಹೇಳಂಗಿಲ್ಲೇನು? ಹಂಗಾದ್ರ ಕೇಳ್ರಿ. ಆ ಹೆಣ್ಣಮಗಳು ನನ್ನ ಮುಂದ ಕುಂತು ಇದನ್ನ ನೀವಽ ಬರದೀರೇನಂತ ಕೇಳಿದ್ಲಂದ್ರ, ಇಲ್ರಿ, ನಂಗ ಒಂದಕ್ಷರ ಗೊತ್ತಿಲ್ಲ ಅಂತ ಇದ್ದದ್ದ ಇದ್ದಂಗ ಹೇಳಾಕಿ ನಾ."

ಇವರು ರಾತ್ರಿ ಊಟಕ್ಕೆ ಒಂದೇ ರೊಟ್ಟಿ ಸಾಕೆಂದರು. ಅದನ್ನು ನೋಡಿ ನನಗೂ ಪಾಪ ಎನಿಸಿತು. ಕಾಲೊನಿಯ ಉಳಿದ ಗಂಡಸರು ಸಂಜೆ ಮನೆಗೆ ಬಂದರೆ ಇಸ್ಪೀಟು, ಇಲ್ಲವೇ ಟಿವಿ. ಇವರೊಬ್ಬರು ಮುಖ ತೊಳೆದು, ವಿಭೂತಿ ಹಚ್ಚಿಕೊಂಡು, ಪೂಜೆಗೆ ಕೂತ ಹಾಗೆ ಬರೆಯಲು ಕೂರುತ್ತಿದ್ದರು. ಬರೆಯುವಾಗ ತಮ್ಮಷ್ಟಕ್ಕೆ ನಗುತ್ತಿದ್ದರು. ಆ ನಗು ನಿಂತರೆ ಮನೆ ಹೇಗಿರುತ್ತದೆಂದು ಯೋಚಿಸಿದೆ. ಆದರೂ ನನ್ನ ಸಿಟ್ಟು ಸಿಟ್ಟೇ, ಬಿಟ್ಟುಕೊಡಲಿಲ್ಲ.

ಸೊಲಾಂಜ್ ಬಂದದ್ದು ಶನಿವಾರ ಮಧ್ಯಾಹ್ನ. ಇವರು ಕೋಟು ಹಾಕಿ, ಫ್ರೆಂಚಿನಲ್ಲಿ ಸ್ವಾಗತದ ಭಾಷಣ ಉರು ಹೊಡೆದು ಬಾಗಿಲಲ್ಲಿ ನಿಂತಿದ್ದರು. ಆಟೋದಿಂದ ಇಳಿದವಳು ನನ್ನ ವಯಸ್ಸಿನವಳೇ, ನೆರೆತ ಕೂದಲು, ಹೆಗಲಿಗೆ ಜೋಳಿಗೆ, ಕಾಲಲ್ಲಿ ಬಾಟಾ ಚಪ್ಪಲಿ. ಇವರ ಭಾಷಣಕ್ಕೆ ತಲೆದೂಗಿ, ಅವರನ್ನು ದಾಟಿ ನೇರ ನನ್ನ ಹತ್ತಿರ ಬಂದು ಕೈಮುಗಿದಳು.

"ನಮಸ್ತೇ. ಕ್ಯಾ ಆಪ್ ಹೀ ಶ್ರೀಮತೀ ಶಿವದೇವೀ ಹೈಂ?"

ಹಿಂದಿ! ಪ್ಯಾರಿಸಿನಲ್ಲಿ ನಾಲ್ಕು ವರ್ಷ ಹಿಂದಿ ಓದಿದ್ದಳಂತೆ, ಅದಕ್ಕೇ ಅವಳನ್ನು ಆರಿಸಿ ಕಳಿಸಿದ್ದರು. ಇವರ ಮುಖ ನೋಡಬೇಕಿತ್ತು, ಗಾಳಿ ಬಿಟ್ಟ ಬಲೂನು.

"ಹೌ, ಮೈಚ್ ಶಿವದೇವಿ" ಎಂದೆ. "ಅಂದರ್ ಆವೋ, ಬೈಠೋ."

ಒಳಗೆ ಮಂಚದ ಮೇಲೆ ನಮ್ಮ ಅತ್ತೆ ಗುರುಬಸಮ್ಮ ಕೂತಿದ್ದರು. ಎಂಬತ್ತು ದಾಟಿದ ಜೀವ, ಕಿವಿ ಮಾತ್ರ ಪಾತಾಳದ್ದನ್ನೂ ಕೇಳುವಂಥದ್ದು. ಮಗ ಕುರ್ಚಿ ಎಳೆದುಕೊಂಡು ನಮ್ಮಿಬ್ಬರ ನಡುವೆ ಕೂರಲು ನೋಡಿದಾಗ ಅವರೇ ತಡೆದರು: "ತಮ್ಮಾ, ಅಕಿಗೆ ಹಿಂದಿ ಬರ್ತೈತಿ, ಇಕಿಗೂ ಬರ್ತೈತಿ. ನಡುವ ನಿಂದೇನ ಕೆಲಸ? ಹೋಗಿ ಚಾ ಇಡು. ಮಂಡಾಳ ವಗ್ಗರಣಿ ಮುಚ್ಚಿಟ್ಟಾಳ, ತಟ್ಟಿಗೆ ಹಾಕು."

ಇವರು ನನ್ನ ಕಡೆ ಒಂದು ನೋಟ ನೋಡಿದರು. ಬೇಡಿಕೊಳ್ಳುವ ನೋಟ. ಕೋಟು ಹಾಕಿಕೊಂಡೇ ಅಡುಗೆಮನೆಗೆ ಹೋದರು.

ಅವಳ ಹಿಂದಿ ಪುಸ್ತಕದ್ದು, ನನ್ನದು ಕುಷಾಯಿಗೂಡದ್ದು. ಆದರೂ ಮಾತು ಸಾಗಿತು. ಅದನ್ನು ನಿಮಗೆ ಕನ್ನಡದಲ್ಲೇ ಹೇಳುತ್ತೇನೆ.

ಅವಳು ಜೋಳಿಗೆಯಿಂದ ಮೊದಲ ಪುಸ್ತಕ ತೆಗೆದಳು. ಹಾಳೆ ಹಾಳೆಗೂ ಚೀಟಿ ಅಂಟಿಸಿದ್ದಳು. "ಮುಚ್ಚಿಡುವುದಿಲ್ಲ" ಎಂದಳು. "ನೀವು ಇದನ್ನು ಬರೆದಿಲ್ಲವೆಂದು ಕೆಲವರು ಹೇಳುತ್ತಾರೆ. ನಾನು ಕೇಳಲೇಬೇಕು. ಮೊದಲು ನನಗೆ ತುಂಬ ಇಷ್ಟವಾದ ಒಂದು ಜಾಗ ಓದುತ್ತೇನೆ." ಫ್ರೆಂಚ್ ಸಾಲುಗಳನ್ನು ಕಣ್ಣಲ್ಲಿ ಓದಿಕೊಂಡು ನಿಧಾನವಾಗಿ ಹಿಂದಿಯಲ್ಲಿ ಹೇಳುತ್ತ ಹೋದಳು.

ಸಿಂಧನೂರಿನಿಂದ ಗಂಡಿನ ಕಡೆಯವರು ಹೆಣ್ಣು ನೋಡಲು ಕಾಚಿಗೂಡಕ್ಕೆ ಬರುತ್ತಾರೆ. ಓಣಿ ತಪ್ಪಿ ಬೇರೊಂದು ಮನೆಗೆ ನುಗ್ಗುತ್ತಾರೆ. ಆ ಮನೆಯವರು ಬರ್ರಿ ಬರ್ರಿ ಎಂದು ಕೂರಿಸಿ, ಅವಲಕ್ಕಿ ಕೊಟ್ಟು, ಹುಡುಗಿಯನ್ನು ಕರೆತರುತ್ತಾರೆ. ಹುಡುಗ ಹುಡುಗಿಯನ್ನು ನೋಡುವ ಬದಲು ಅವಲಕ್ಕಿಯಲ್ಲಿ ಶೇಂಗಾ ಹುಡುಕುತ್ತಾನೆ. "'ಹುಡುಗಿ ಕಣ್ಣೀರು ಸುರಿಸುವ ಮೊದಲು ತಟ್ಟೆಯನ್ನು ಸಮತಟ್ಟಾದ, ಅಲುಗಾಡದ ಜಾಗದಲ್ಲಿ ಇಟ್ಟಳು'" ಎಂದು ಓದಿದಳು ಸೊಲಾಂಜ್. "ಎಂಥ ವಾಕ್ಯ! ಇಷ್ಟು ಒಣ, ಇಷ್ಟು ಆಳ!"

ನನಗೆ ಅವಳ ಆಳ ಕೇಳಿಸುತ್ತಿರಲಿಲ್ಲ. ನನ್ನ ಕಿವಿಯಲ್ಲಿ ಗುಂಯ್ ಎನ್ನುತ್ತಿತ್ತು. ಈ ಕಥೆ ನಾನು ಹೇಳಿದ್ದು! ಶೇಂಗಾ ಹುಡುಕಿದ್ದನ್ನು ಕೈಮಾಡಿ ತೋರಿಸಿದ್ದವಳು ನಾನು. ಚಾಪೆಯ ಮೇಲೆ ಕಣ್ಣು ಮುಚ್ಚಿಕೊಂಡು ಬಿದ್ದಿದ್ದ ಈ ಮನುಷ್ಯ ಅಷ್ಟನ್ನೂ ಕೇಳಿಸಿಕೊಂಡಿತ್ತು. ಮೊದಲು ಸಿಟ್ಟು ಬಂತು. ನನ್ನ ಮಾತನ್ನು ನನಗೆ ಹೇಳದೆ ಕದ್ದೊಯ್ದರಲ್ಲ ಎಂದು. ಆದರೆ ಆ ಸಿಟ್ಟಿನ ಕೆಳಗೆ ಇನ್ನೇನೋ ಉಕ್ಕಿತು. ಇಷ್ಟು ವರ್ಷ ಗೋಡೆಗೆ ಹೇಳುತ್ತಿದ್ದೇನೆ ಎಂದುಕೊಂಡಿದ್ದೆ. ಗೋಡೆ ಒಂದೊಂದು ಮಾತನ್ನೂ ಎತ್ತಿಟ್ಟಿತ್ತು. ಸೆರಗಿನಿಂದ ಕಣ್ಣು ಒರೆಸಿಕೊಂಡೆ.

ಸೊಲಾಂಜ್ ಕೊನೆಯ ಚೀಟಿಯ ಪುಟ ತೆರೆದು, "ಇದರ ಕೊನೆ ನಮ್ಮಲ್ಲಿ ಬಹಳ ಚರ್ಚೆಯಾಗಿದೆ" ಎಂದಳು. "ಹುಡುಗಿ ಒಪ್ಪಿಗೆಯಾಗಿ ಗಂಡಿನವರು ಹೊರಗೆ ಬರುತ್ತಾರೆ. ಎದುರು ಓಣಿಯಲ್ಲಿ ಇನ್ನೊಂದು ಮನೆ, ರಂಗೋಲಿ ಹಾಕಿದೆ, ಬಾಗಿಲಲ್ಲಿ ಬಹಳ ಚಪ್ಪಲಿ ಇವೆ. ಅಷ್ಟೆ, ಕಾದಂಬರಿ ಮುಗಿಯಿತು. ಆ ಚಪ್ಪಲಿ ಯಾರವು ಎಂದು ನೀವು ಹೇಳುವುದೇ ಇಲ್ಲ. ಮನುಷ್ಯನ ಬದುಕು ಹೀಗೇ ಅರ್ಧಕ್ಕೆ ನಿಲ್ಲುತ್ತದೆ ಎಂದು ವಿಮರ್ಶಕರು ಬರೆದರು."

"ಏನು? ಅಲ್ಲಿಗೇ ಮುಗಿಯಿತಾ?" ನಾನು ಎದ್ದೇ ನಿಂತೆ. "ಚಪ್ಪಲಿ ಯಾರವು ಎಂದು ಹೇಳದಿದ್ದರೆ ಕಥೆಯಲ್ಲಿ ಉಳಿಯಿತೇನು, ಮಣ್ಣು?"

"ಹಾಗಾದರೆ ಯಾರವು?"

"ಆ ಮೊದಲ ಮನೆಗೂ ಅವತ್ತು ಗಂಡಿನವರು ಬರುವವರಿದ್ದರು, ಮಾನ್ವಿಯಿಂದ. ಅದಕ್ಕೇ ಅಲ್ಲವೇ ಅವಲಕ್ಕಿ ತಯಾರಿದ್ದದ್ದು! ಆ ಮಾನ್ವಿಯವರೂ ದಾರಿ ತಪ್ಪಿ ಈ ಎರಡನೆಯ ಮನೆಗೆ ಹೋಗಿ ಕೂತಿದ್ದರು. ಎರಡನೆಯ ಮನೆಯ ಹುಡುಗಿಯನ್ನು ಮಾನ್ವಿಯವರು ಒಪ್ಪಿದರು, ಮೊದಲನೆಯ ಮನೆಯ ಹುಡುಗಿಯನ್ನು ಸಿಂಧನೂರಿನವರು. ಎರಡೂ ಮನೆ ನಮ್ಮ ಮಂದಿಯವೇ. ಚಪ್ಪಲಿ ಹುಡುಕುವಾಗ ನಾಲ್ಕೂ ಬೀಗರು ಓಣಿಯಲ್ಲಿ ಮುಖಾಮುಖಿಯಾದರು. ಒಂದು ತಾಸು ಜಗಳ. ಕೊನೆಗೆ, ಆಗಿದ್ದು ಆಯಿತು, ಹುಡುಗರು ಒಪ್ಪಿದ್ದಾರಲ್ಲ ಎಂದು ಹಾಗೇ ಮದುವೆ ಮಾಡಿದರು."

ಸೊಲಾಂಜ್ ಪೆನ್ನು ಹಿಡಿದವಳು ಬರೆಯುವುದನ್ನೇ ಮರೆತಿದ್ದಳು. "ಆಮೇಲೆ? ಅವರು ಸುಖವಾಗಿದ್ದರೇ?"

"ತಡೀರಿ." ನಾನು ಬಾಲ್ಕನಿಗೆ ಹೋಗಿ ಕೆಳಗೆ ಕೂಗಿದೆ: "ಸುಭದ್ರಾ, ಏ ಸುಭದ್ರಾ! ಇದ್ದಂಗ ಬಾ ಮ್ಯಾಲ!"

ಸುಭದ್ರಾ ಹೇಗೂ ಫ್ರಾನ್ಸಿನವಳನ್ನು ನೋಡಲು ಮೆಟ್ಟಿಲ ಮೇಲೇ ನಿಂತಿದ್ದಳು. ಕೈಯಲ್ಲಿ ನೆಪಕ್ಕೊಂದು ಮಜ್ಜಿಗೆ ತಂಬಿಗೆ. ಅವಳನ್ನು ಹಿಡಿದು ನಡುಮನೆಗೆ ತಂದೆ. "ಇವಳೇ ನಿಮ್ಮ ಹುಡುಗಿ. ತಟ್ಟೆ ಕೆಳಗಿಟ್ಟು ಅತ್ತವಳು."

"ನಾ ಎಲ್ಲಿ ಅತ್ತೀನಿ?" ಎಂದಳು ಸುಭದ್ರಾ, ಏನು ನಡೆದಿದೆಯೆಂದು ತಿಳಿಯದೆಯೇ. "ಉಳ್ಳಾಗಡ್ಡಿ ಹೆಚ್ಚಿ ಬಂದಿದ್ದೆ, ಕಣ್ಣ ಉರಿಯಾಕತ್ತಿದ್ವು. ಆ ಮನಿಶ್ಯಾ ಈಗೂ ಹಂಗಽ ಅದಾನ ನೋಡ, ಅವಲಕ್ಕಿ ಮಾಡಿದ್ರ ಮೊದಲ ಶೇಂಗಾ ಆರಸ್ತಾನ."

ನಾನು ಅದನ್ನು ಹಿಂದಿಗೆ ತಿರುಗಿಸಿದೆ. ಸೊಲಾಂಜ್ ಬಿದ್ದು ಬಿದ್ದು ನಕ್ಕಳು. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನಕ್ಕಳು. ಸುಭದ್ರಾಳ ಕೈಹಿಡಿದು ಪಕ್ಕದಲ್ಲಿ ಕೂರಿಸಿಕೊಂಡು, ಪುಸ್ತಕದ ಆ ಪುಟ ತೋರಿಸಿದಳು. ಸುಭದ್ರಾ ಅದನ್ನು ಕಣ್ಣಿಗೊತ್ತಿಕೊಂಡಳು, ಏನೆಂದು ಮಾತ್ರ ಕೇಳಲಿಲ್ಲ.

ಎರಡನೆಯ ಪುಸ್ತಕವೂ ಹಾಗೆಯೇ. ಐವತ್ತರ ಮೇಲೆ ಸೈಕಲ್ ಕಲಿತ ನನ್ನ ದೊಡ್ಡವ್ವನ ಕಥೆ. ಪುಸ್ತಕದಲ್ಲಿ ಅವಳು ಆದಿಕ್‌ಮೆಟ್ ಇಳಿಜಾರಿನ ತುದಿಯಲ್ಲಿ ಬ್ರೇಕು ಹಿಡಿಯದ ಸೈಕಲ್ಲಿನ ಮೇಲೆ ಹೋಗುತ್ತಿರುವಾಗಲೇ ಕಥೆ ನಿಂತಿತ್ತು. ಪ್ಯಾರಿಸಿನವರು ಅದನ್ನು ಸಾವು ಎಂದು ಅರ್ಥ ಮಾಡಿಕೊಂಡಿದ್ದರಂತೆ. "ಸಾವು ಎಲ್ಲಿಂದ ಬಂತು?" ಎಂದೆ. "ಕೆಳಗೆ ಒಂದು ಮದುವೆಯ ಬರಾತಿನ ಮೆರವಣಿಗೆ ಹೊರಟಿತ್ತು. ದೊಡ್ಡವ್ವ ಸೀದಾ ಅದರೊಳಗೆ ಹೊಕ್ಕಳು. ಬ್ಯಾಂಡಿನವರು ಹೆದರಿ ಎರಡು ಪಾಲಾದರು, ಅವಳು ಕುದುರೆಯ ಪಕ್ಕ ಹೋಗಿ ನಿಂತಳು. ಮದುಮಗನ ತಂದೆ ಇದು ಶುಭ ಎಂದು ಅವಳಿಗೆ ಹೂವಿನ ಹಾರ ಹಾಕಿ, ಅರ್ಧ ಬ್ಯಾಂಡು ಜೊತೆಮಾಡಿ ಮನೆಗೆ ಕಳಿಸಿದ. ಇವತ್ತಿಗೂ ಗಟ್ಟಿಯಾಗಿದ್ದಾಳೆ, ಸೈಕಲ್ ಮಾತ್ರ ಬಿಟ್ಟಿದ್ದಾಳೆ."

"ಇಷ್ಟು ಒಳ್ಳೆಯ ಕೊನೆಗಳನ್ನು ಏಕೆ ಬರೆಯಲಿಲ್ಲ?" ಎಂದಳು ಸೊಲಾಂಜ್.

ಉತ್ತರ ಅಡುಗೆಮನೆಯಲ್ಲಿ ಚಹಾ ಕುದಿಸುತ್ತಿತ್ತು.

ಅವಳು ಮತ್ತೆ ಪುಸ್ತಕ ತಿರುವಿದಳು. "ಇನ್ನೊಂದೇ ಪ್ರಶ್ನೆ. ಪ್ರತಿ ಅಧ್ಯಾಯದ ಮೊದಲು ಒಂದು ಪುಟ್ಟ ಪದ್ಯ ಇದೆ. ಪ್ರತಿ ಪದ್ಯದಲ್ಲೂ ಒಂದು ಖಾಲಿ ಜಾಗ." ಓದಿದಳು. ಅವಳ ಹಿಂದಿಯಲ್ಲೂ ಅದು ನನಗೆ ಗುರುತು ಸಿಕ್ಕಿತು. ನನ್ನದೇ ವಡಪು:

ನಾಂಪಲ್ಲಿ ಟೇಶನ್ನಾಗ ಗದ್ದಲ ಭಾಳ,
…… ಅವರ ಜೋಡಿ ನನ್ನ ಬಾಳಿನ ತಾಳಮೇಳ.

"ಈ ಖಾಲಿ ಜಾಗದ ಮೇಲೆ ನಮ್ಮಲ್ಲಿ ಒಬ್ಬಳು ದೊಡ್ಡ ಪ್ರಬಂಧವನ್ನೇ ಬರೆದಿದ್ದಾಳೆ. ಗಂಡಸನ್ನು ಹೆಸರಿಸಲು ನಿರಾಕರಿಸುವ ಹೆಣ್ಣಿನ ಮೌನ ಎಂದು."

ನಾನು ಎಷ್ಟು ನಕ್ಕೆನೆಂದರೆ ಅತ್ತೆ ಏನಾಯಿತೆಂದು ಮಂಚದಿಂದ ಕಾಲು ಕೆಳಗಿಟ್ಟರು. "ಮೌನವೂ ಇಲ್ಲ, ಎಂಥದೂ ಇಲ್ಲ. ಅದು ಗಂಡಿನ ಹೆಸರು ತುಂಬಿಕೊಳ್ಳುವ ಜಾಗ. ಯಾವ ಹುಡುಗಿಗೆ ಯಾರು ಗಂಡನೋ ಅವನ ಹೆಸರು ಅಲ್ಲಿ." ಹೊಸ್ತಿಲು, ನಾದಿನಿಯರು, ವಡಪು, ಎಲ್ಲ ಬಿಡಿಸಿ ಹೇಳಿದೆ. ಮದುಮಗಳು ನಾಚುತ್ತ, ಆಮೇಲೆ ಧೈರ್ಯ ಮಾಡಿ ಎಲ್ಲರೆದುರು ಒಮ್ಮೆ ಹೆಸರು ಹೇಳುವುದು, ಒಳಗಿನ ಹೆಂಗಸರೆಲ್ಲ ಹೋ ಎನ್ನುವುದು. ಸುಭದ್ರಾ ನಡುನಡುವೆ, "ನನಗೂ ಇಕಿನಽ ಕಟ್ಟಿಕೊಟ್ಟಾಳ್ರಿ" ಎಂದು ಕನ್ನಡದಲ್ಲೇ ಸಾಕ್ಷಿ ಹೇಳುತ್ತಿದ್ದಳು.

ಸೊಲಾಂಜ್ ಪುಸ್ತಕ ಮುಚ್ಚಿದಳು. "ನನಗೆ ಖಾತ್ರಿಯಾಯಿತು. ಇವು ನಿಮ್ಮವೇ, ಸಂಶಯವಿಲ್ಲ" ಎಂದಳು. ನನಗೆ ಹಾರಬೇಕೆನಿಸಿತು. ಅಷ್ಟರಲ್ಲಿ ಅವಳು ಮೆಲ್ಲಗೆ ಸೇರಿಸಿದಳು: "ಆದರೆ ನಿಮಗೆ ಫ್ರೆಂಚ್ ಬರುವುದಿಲ್ಲ. ಬರುತ್ತಿದ್ದರೆ ನಿಮ್ಮ ಪುಸ್ತಕ ಅಲ್ಲಿಗೇ ಮುಗಿಯಿತಾ ಎಂದು ನನ್ನನ್ನು ಕೇಳುತ್ತಿರಲಿಲ್ಲ. ಈ ಫ್ರೆಂಚ್ ಯಾರದು?"

ಬಾಗಿಲ ಪರದೆಯ ಹಿಂದೆ ಕಪ್ಪು-ಬಸಿಗಳು ಕಿಣಿಕಿಣಿ ಎಂದವು. ಇವರು ಟ್ರೇ ಹಿಡಿದು ಅಲ್ಲೇ ನಿಂತಿದ್ದರು. ಒಳಗೂ ಬರಲಿಲ್ಲ, ಹಿಂದೆಯೂ ಹೋಗಲಿಲ್ಲ. ಪರದೆಯ ಕೆಳಗೆ ಅವರ ಪಾದ ಕಾಣುತ್ತಿತ್ತು.

ನನಗೆ ಬರುತ್ತದೆ ಎಂದು ಸುಳ್ಳು ಹೇಳಬಹುದಿತ್ತು. ಯಾರೋ ಬರೆದುಕೊಟ್ಟರು ಎಂದು ತೇಲಿಸಬಹುದಿತ್ತು. ಹೋದ ವಾರದ ನಾನಾಗಿದ್ದರೆ, ಇದ್ದದ್ದು ಇದ್ದ ಹಾಗೆ, ನನಗೂ ಇದಕ್ಕೂ ಸಂಬಂಧವಿಲ್ಲ ಎಂದು ಬಿಡುತ್ತಿದ್ದೆ. ಈಗ ಸಂಬಂಧ ಇತ್ತು. ನಾನು ಮಾತಾಡಿದ್ದಕ್ಕೆ ಇವರು ಬರೆದರು, ಇವರು ಬರೆದದ್ದಕ್ಕೆ ನನ್ನ ಮಾತು ಉಳಿಯಿತು. ಒಬ್ಬರ ಹೆಸರು ಮಾತ್ರ ಇದ್ದರೆ ಅದು ಸುಳ್ಳೇ. "ನಮ್ಮನೆಯವರು ಬರೆದದ್ದು" ಎಂದೆ. "ನಾನು ಕನ್ನಡದಲ್ಲಿ ಹೇಳಿದ್ದನ್ನು ಅವರು ಫ್ರೆಂಚಿನಲ್ಲಿ ಬರೆದರು."

"ಅಂದರೆ ಅವರು ಅನುವಾದಕರು" ಎಂದಳು ಸೊಲಾಂಜ್, ಬಹಳ ಸಹಜವಾಗಿ. "ಅನುವಾದಕರ ಹೆಸರು ಪುಸ್ತಕದ ಮೇಲೆ ಇರಲೇಬೇಕಲ್ಲ. ಅವರ ಹೆಸರು?" ಪೆನ್ನು ತೆರೆದು ಕಾದಳು.

ನಾನು ಬಾಯಿ ತೆರೆದೆ, ಮುಚ್ಚಿದೆ. ಸುಭದ್ರಾ ಹೇಳಲು ಹೋದಳು, ಅತ್ತೆ ಕೈಯೆತ್ತಿ ಸುಮ್ಮನಾಗಿಸಿದರು. "ಹೆಸರ ಕೇಳಾಕತ್ತಾಳೇನು? ಅಕಿನಽ ಹೇಳ್ಲಿ. ಊರ ಮಂದಿಗೆಲ್ಲಾ ಕಟ್ಟಿ ಕೊಟ್ಟೀಯಲ್ಲ ಶಿವದೇವಿ, ನಿಂದೊಂದು ಕಟ್ಟು ನೋಡೂಣು."

ಇಷ್ಟು ವಯಸ್ಸಾದ ಮೇಲೆ ನನ್ನ ಕೆನ್ನೆ ಬಿಸಿಯಾಯಿತು. ಪರದೆಯ ಕೆಳಗಿನ ಆ ಪಾದಗಳನ್ನೇ ನೋಡುತ್ತ, ಸೆರಗು ಸರಿಮಾಡಿಕೊಂಡು ಹೇಳಿದೆ:

ಸಜ್ಜಿ ರೊಟ್ಟಿಗೆ ಬೆಣ್ಣಿ, ಹೋಳಿಗಿಗೆ ತುಪ್ಪ,
ಕಥಿ ಮುಗಿಯೂ ಮೊದಲ ಮಲಗಿದ್ದೊಂದ ತಪ್ಪ,
ನನ್ನ ಮಾತ ಪ್ಯಾರಿಸಿಗೆ ಮುಟ್ಟಿಸಿದವರು ಅಮರೇಶಪ್ಪ!

ಸುಭದ್ರಾ ಹೋ ಎಂದಳು. ಅತ್ತೆ ಬೊಚ್ಚುಬಾಯಿ ಬಿಟ್ಟು ನಕ್ಕು ಚಪ್ಪಾಳೆ ತಟ್ಟಿದರು. ಸೊಲಾಂಜ್‌ಗೆ ಒಂದು ಶಬ್ದವೂ ತಿಳಿಯದಿದ್ದರೂ, ಹೆಸರು ಬಂತೆಂದು ತಿಳಿಯಿತು. ಅವಳೂ ಚಪ್ಪಾಳೆ ತಟ್ಟಿದಳು. ಪರದೆ ಸರಿಸಿ ಇವರು ಒಳಗೆ ಬಂದರು. ಚಹಾ ಎಲ್ಲ ಬಸಿಗೆ ಚೆಲ್ಲಿತ್ತು, ಕಣ್ಣು ತುಂಬಿತ್ತು, ಕೋಟಿನ ತೋಳಿಗೆ ಅರಿಶಿಣ ಹತ್ತಿತ್ತು. ಇಡೀ ಸಂಸಾರದಲ್ಲಿ ಅವರು ನನಗೆ ಅಷ್ಟು ಚಂದ ಕಂಡದ್ದು ಅದೇ ಮೊದಲು.

"ಮಲಗಿದ್ದು ಗೊತ್ತಿತ್ತೇನ ನಿನಗ?" ಎಂದರು ಮೆಲ್ಲಗೆ.

"ಗೊರಕಿ ಹೊಡದ್ರ ಗೊತ್ತಾಗಂಗಿಲ್ಲೇನ್ರಿ? ಎದ್ದಮ್ಯಾಲರ ಮುಂದೇನಾತಂತ ಕೇಳಬೇಕಿಲ್ಲೋ?"

"ಕೇಳಿದ್ರ ಮಲಗಿದ್ದು ಗೊತ್ತಾಗ್ತಿತ್ತಲ್ಲ" ಎಂದರು.

ಅವತ್ತು ಸಂಜೆ ಎಲ್ಲರೂ ಸೊಲಾಂಜಳನ್ನು ಕರೆದುಕೊಂಡು ನಾಂಪಲ್ಲಿಯ ವಸ್ತುಪ್ರದರ್ಶನ ನುಮಾಯಿಷ್‌ಗೆ ಹೋದೆವು. ಅವಳು ಎರಡೂ ಕೈತುಂಬ ಬಳೆ ಇಟ್ಟುಕೊಂಡಳು, ಜಾಯಿಂಟ್ ವೀಲಿನಲ್ಲಿ ಸುಭದ್ರಾಳ ಪಕ್ಕ ಕೂತು ಕಿರುಚಿದಳು. ಸೋಮವಾರ ಇವರು ಕಾರ್ಖಾನೆಯಲ್ಲಿ ಧೈರ್ಯ ಮಾಡಿ ಅರ್ಜಿ ಕೊಟ್ಟರು, ಹೆಂಡತಿಯ ಕನ್ನಡ ಕಥೆಗಳನ್ನು ಫ್ರೆಂಚಿಗೆ ಅನುವಾದಿಸಲು ಅನುಮತಿ ಬೇಕೆಂದು. ಇಷ್ಟು ವರ್ಷ ಯಾವ ಅನುಮತಿ ಕೇಳಲು ಹೆದರಿದ್ದರೋ ಅದು ಹದಿನೈದು ದಿನದಲ್ಲಿ ಬಂತು, ಅಭಿನಂದನೆಯ ಸಾಲೊಂದರ ಸಮೇತ.

ನಾಲ್ಕನೆಯ ಕಾದಂಬರಿಗೆ ಭಾನುವಾರ ಮಧ್ಯಾಹ್ನ ಚಾಪೆ ಹಾಕಗೊಡಲಿಲ್ಲ. ಕುರ್ಚಿಯಲ್ಲಿ ನೆಟ್ಟಗೆ ಕೂರಿಸಿ, ಕೊನೆಯ ಮಾತಿನವರೆಗೆ ಹೇಳಿ, ತಿಳಿಯಿತೇ ಎಂದು ಕೇಳಿ ಬಿಟ್ಟೆ. ಪುಸ್ತಕ ಬಂತು. ಮೇಲೆ ನನ್ನ ಹೆಸರು, ಕೆಳಗೆ ಇವರ ಹೆಸರು, ಮೊದಲ ಪುಟದಲ್ಲಿ ಖಾಲಿ ಜಾಗವಿಲ್ಲದ ಆ ವಡಪು. ಇವರು ಈಗ ಪ್ರತಿ ಪುಟವನ್ನೂ ನನಗೆ ಕನ್ನಡದಲ್ಲಿ ಓದಿ ಹೇಳುತ್ತಾರೆ, ಆ ನಾಳೆ ಕೊನೆಗೂ ಬಂತು.

ಒಂದು ದಿನ ಪ್ಯಾರಿಸಿನ ಪೇಪರಿನ ತುಣುಕು ಬಂತು. ಓದುತ್ತ ಇವರ ಮುಖ ಇಳಿಯಿತು.

"ಏನಂತ ಬರದಾರ್ರಿ?"

"ಕಥಿ ಛೊಲೋ ಐತಂತ. ಆದ್ರ ಹಿಂದಿನ ಪುಸ್ತಕದಾಗಿನ ಆ ಅಪೂರ್ಣತೆಯ ಸೌಂದರ್ಯ ಇದ್ರಾಗಿಲ್ಲಂತ. ಶಿವದೇವಿ ಮಸ್ಕಿಯವರು ಈಗೀಗ ಎಲ್ಲಾನೂ ಪೂರ್ತಿ ಹೇಳಿಬಿಡ್ತಾರಂತ."

ನಾನು ಜೋಳದ ಮೊರ ತಂದು ಕೆಳಗಿಟ್ಟೆ. ಒಳಗೆ ಹೋಗಿ ಚಾಪೆ ತಂದು, ಫ್ಯಾನಿನ ಕೆಳಗೆ ಹಾಸಿ, ದಿಂಬು ಕೊಡವಿ ಇಟ್ಟೆ.

"ಬರ್ರಿ" ಎಂದೆ. "ಐದನೇದಕ್ಕ ಮಲಕೋರಿ."